ಗಿರಣಿ ಗುರುಸ್ವಾಮಿಯ ಮೊದಲ ರಾಜಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಸವಳಂಗದಲ್ಲಿ ಕಲ್ಲಮ್ಮನ ಮನೆಯ ಗೇಟಿನ ಮುಂದೆ ಒಂದು ನಿಂಬೆಹಣ್ಣು ಬಿದ್ದಿತ್ತು. ನಡುವೆ ಸೀಳಿ, ಒಳಗೆ ಕುಂಕುಮ ತುಂಬಿದ ಹಣ್ಣು. ಅಂದು ಅಮಾವಾಸ್ಯೆ.

ಬೇರೆ ದಿನವಾಗಿದ್ದರೆ ಯಾರೋ ಅದನ್ನು ಕಡ್ಡಿಯಲ್ಲಿ ಚರಂಡಿಗೆ ತಳ್ಳಿ ಮುಂದೆ ಹೋಗುತ್ತಿದ್ದರು. ಆದರೆ ಕಲ್ಲಮ್ಮನ ಮಗಳು ಹೇಮಾವತಿ ಏಳು ತಿಂಗಳ ಬಸುರಿ. ತವರಿಗೆ ಬಂದು ವಾರವಾಗಿತ್ತು, ನಾಡಿದ್ದು ಸೀಮಂತದ ಕುಬಸ. ಅಂಗಳಕ್ಕೆ ನೀರು ಹಾಕಲು ಬಂದ ಕಲ್ಲಮ್ಮ ಹಣ್ಣನ್ನು ನೋಡಿದಳು, ಚೊಂಬು ಕೈಬಿಟ್ಟಳು. ಚೊಂಬು ಉರುಳಿದ ಸದ್ದಿಗೆ ಪಕ್ಕದ ಮನೆಯ ನಾಗರತ್ನ ಕಸಬರಿಗೆ ಹಿಡಿದೇ ಇತ್ತ ತಿರುಗಿದಳು. ಹಿಂದಿನ ದಿನ ಸಂತೆಯಲ್ಲಿ ನಾಗರತ್ನ ಒಂದು ಚೀಲ ನಿಂಬೆಹಣ್ಣು ಕೊಂಡದ್ದನ್ನು ಕಲ್ಲಮ್ಮ ಕಣ್ಣಾರೆ ಕಂಡಿದ್ದಳು. ಗೇಟಿನ ಮುಂದೆ ಒಂದು ಹಣ್ಣು, ಎರಡು ಮಾರು ಆಚೆ ಹಣ್ಣು ಕೊಂಡವಳು. ಕೂಡಿಸುವುದಕ್ಕೆ ಮಗ್ಗಿ ಬೇಕಿರಲಿಲ್ಲ.

ಬೀದಿಯಲ್ಲಿ ಜನ ಸೇರುವ ಹೊತ್ತಿಗೆ ಯಾರೋ ಗಿರಣಿ ಗುರುಸ್ವಾಮಿಗೆ ಫೋನು ಹಚ್ಚಿದರು.

ಗುರುಸ್ವಾಮಿ ಬಸ್ ನಿಲ್ದಾಣದ ಹಿಂದೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ತ್ರೀ ಫೇಸ್ ಕರೆಂಟು ಇದ್ದಾಗ ಬೀಸುವುದು, ಹೋದಾಗ ಹರಟುವುದು. ಸಾಲಾಗಿಟ್ಟ ಡಬ್ಬಿಗಳಲ್ಲಿ ಯಾರದು ಮೊದಲು ಎಂಬ ಜಗಳವನ್ನು ವರ್ಷಗಟ್ಟಲೆ ಬಿಡಿಸುತ್ತ ಬಂದು, ತನ್ನೊಳಗೊಬ್ಬ ನ್ಯಾಯಾಧೀಶ ಇದ್ದಾನೆ ಎಂಬ ಅನುಮಾನ ಅವನಿಗೆ ಬಂದುಬಿಟ್ಟಿತ್ತು. ನೆರೆಹೊರೆಯ ತಕರಾರು ಬಗೆಹರಿಸುವ ಸ್ವಯಂಸೇವಕರಿಗೆ ನ್ಯಾಮತಿಯಲ್ಲಿ ಎರಡು ದಿನದ ತರಬೇತಿ ಇದೆ ಎಂದು ಗೊತ್ತಾದಾಗ ಗಿರಣಿಗೆ ಬೀಗ ಜಡಿದು ಹೋದ. ಊಟ ಸಿಕ್ಕಿತು, ಕೊರಳಿಗೊಂದು ಕಾರ್ಡು ಸಿಕ್ಕಿತು. ಕಾರ್ಡಿನಲ್ಲಿ ‘ಸಮುದಾಯ ಮಧ್ಯಸ್ಥಗಾರ’ ಎಂದು ಅಚ್ಚಾಗಿತ್ತು. ಪಕ್ಕದ ಫೋಟೋದಲ್ಲಿ ಅವನ ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು.

ತರಬೇತಿಯಲ್ಲಿ ಮುಖ್ಯವಾಗಿ ಮೂರು ಮಾತು ಹೇಳಿದ್ದರು. ಎರಡೂ ಕಡೆಯವರ ಮಾತು ಪೂರ್ತಿ ಕೇಳಿ. ಯಾರ ಕಡೆಗೂ ವಾಲಬೇಡಿ. ಜಗಳದಲ್ಲಿ ನಿಮ್ಮದೇ ಪಾಲಿದ್ದರೆ ಮೊದಲು ಅದನ್ನು ಹೇಳಿ ಎದ್ದು ಬನ್ನಿ. ಮೂರನೆಯದನ್ನು ಹೇಳುವಾಗ ಊಟದ ಹೊತ್ತಾಗಿತ್ತು. ಗುರುಸ್ವಾಮಿ ಆಗಲೇ ಅರ್ಧ ಎದ್ದು ನಿಂತಿದ್ದ.

ಊರಿಗೆ ಬಂದವನೇ ಗಿರಣಿಯ ಗೋಡೆಯ ಮೇಲೆ ‘ಜಗಳವೇ? ಬನ್ನಿ, ಕೂತು ಮಾತಾಡೋಣ’ ಎಂದು ಬರೆಸಿದ. ತಿಂಗಳಾದರೂ ಒಬ್ಬರೂ ಬಂದು ಕೂರಲಿಲ್ಲ. ಹೆಂಡತಿ ಶಿವಲೀಲಾ, “ಊರಿನ ಜಗಳ ಬಿಡ್ಸಾಕೆ ಹೊಂಟೀರಿ, ಮನೇಲಿ ಮಿಕ್ಸಿ ಕೆಟ್ಟು ಕೂತೈತೆ, ಅದನ್ನ ಯಾರು ನೋಡ್ಬೇಕು?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು.

ಹಾಗಾಗಿ ಫೋನು ಬಂದಾಗ ಗುರುಸ್ವಾಮಿಗೆ ಮಗ ಪಾಸಾದಷ್ಟು ಖುಷಿಯಾಯಿತು. ಬೀಸುತ್ತಿದ್ದ ರಾಗಿಯನ್ನು ಅರ್ಧಕ್ಕೇ ನಿಲ್ಲಿಸಿ, ಹಿಟ್ಟು ಮೆತ್ತಿದ ಅಂಗಿಯ ಮೇಲೇ ಕಾರ್ಡು ಇಳಿಬಿಟ್ಟು, ಬೈಕು ಅಲ್ಲೇ ಬಿಟ್ಟು ನಡೆದೇ ಹೋದ. ನ್ಯಾಯ ಹೇಳುವವನು ಗಾಡಿಯಲ್ಲಿ ಬರ್ರೆಂದು ಬಂದು ಇಳಿದರೆ ತೂಕ ಇರುವುದಿಲ್ಲ ಎಂದು ಅವನ ಎಣಿಕೆ.

“ಉಭಯ ಪಕ್ಷಗಳೂ ಕೂತ್ಕೊಳ್ರಿ,” ಎಂದ.

“ಯಾವ ಪಕ್ಷನಪ್ಪ? ಎಲೆಕ್ಷನ್ ಮುಗಿದು ಎಷ್ಟು ದಿನ ಆತು,” ಎಂದ ಎದುರು ಮನೆಯ ಜಂಪಣ್ಣ. ಅವನು ರಿಟೈರಾದ ಬಸ್ ಕಂಡಕ್ಟರ್. ಬೀದಿಯಲ್ಲಿ ಏನಾದರೂ ಆದರೆ ಮೊದಲು ಅವನ ನಾಯಿ ಬರುತ್ತಿತ್ತು, ಹಿಂದೆಯೇ ಅವನು. ಅವನ ಕೈಯ ಮೊಬೈಲು ಆಗಲೇ ವಿಡಿಯೋ ಹಿಡಿಯುತ್ತಿತ್ತು.

ಕಲ್ಲಮ್ಮ ಕೂರಲಿಲ್ಲ. “ನೋಡ್ರಿ ಗುರುಸ್ವಾಮಣ್ಣ, ಬಸುರಿ ಇರೋ ಮನೆ ಬಾಗಿಲಿಗೆ ಮಾಟದ ಹಣ್ಣು ಬಂದೈತೆ. ಯಾರು ಇಟ್ರು ಅಂತ ನಾನು ಹೇಳಾಕೆ ಹೋಗಲ್ಲ. ತಮ್ಮ ಮಡಿಲು ತುಂಬದೇ ಇರೋರಿಗೆ ಇನ್ನೊಬ್ರ ಮಡಿಲು ಕಂಡ್ರೆ ಆಗಲ್ಲ. ಅಷ್ಟೇ ನಾನು ಹೇಳೋದು.”

ನಾಗರತ್ನಳಿಗೆ ಮಕ್ಕಳಿರಲಿಲ್ಲ. ಅವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಅದು ಜಾರಿ ಬೀಳಲಾರದು ಎಂದು ಖಾತ್ರಿಯಾದ ಮೇಲೆ ಮಾತಾಡಿದಳು.

“ಕಲ್ಲಕ್ಕಾ, ಆ ಹುಡುಗಿ ನಡೆಯಾಕೆ ಕಲ್ತಿದ್ದು ನನ್ನ ಪಡಸಾಲೇಲಿ. ಮೊನ್ನೆ ಬಂದು ಚಿಕ್ಕಮ್ಮ, ನಿನ್ನ ಕೈಯ ನಿಂಬೆ ಉಪ್ಪಿನಕಾಯಿ ತಿನ್ನಂಗಾಗೈತೆ ಅಂದ್ಲು. ಅದಕ್ಕೆ ತಂದೆ. ಎಣಿಸ್ಕೋ ಬಾ, ಎಲ್ಲ ಮನೇಲೇ ಐತೆ.”

ಎರಡೂ ಕಡೆಯವರ ಮಾತು ಕೇಳಿಯಾಯಿತು. ಇನ್ನು ಸ್ಥಳ ಪರಿಶೀಲನೆ. ಗುರುಸ್ವಾಮಿ ಕುಕ್ಕುರುಗಾಲಲ್ಲಿ ಕೂತು ನಿಂಬೆಹಣ್ಣಿನತ್ತ ಬಗ್ಗಿದ. ಹಣ್ಣಿನ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಅದರ ಮೇಲೆ ಓರೆಯಾಗಿ ಎರಡು ಮೂರು ಗೆರೆ ಮೂಡಿದ್ದವು. ಸಿಪ್ಪೆಯ ತುಂಬ ಬೂದುಬಣ್ಣದ ಪುಡಿ ಅಂಟಿತ್ತು.

“ಅದೇನು ಗೊತ್ತೇನ್ರಿ?” ಎಂದಳು ಕಲ್ಲಮ್ಮ. “ಬೂದಿ. ಸುಡುಗಾಡಿನ ಬೂದಿ.”

ಜನ ಎರಡು ಹೆಜ್ಜೆ ಹಿಂದೆ ಸರಿದರು. ನಾಯಿಯೂ ಸರಿಯಿತು. ಗುರುಸ್ವಾಮಿಯ ಮೂಗು ಮಾತ್ರ ಅಲ್ಲೇ ಇತ್ತು. ಆ ಪುಡಿಯ ವಾಸನೆ ಅವನಿಗೆ ಹೆಂಡತಿಯ ದನಿಯಷ್ಟೇ ಪರಿಚಯ. ಅದು ರಾಗಿಹಿಟ್ಟು. ನುಣ್ಣಗೆ ಬೀಸಿದ್ದು. ಅವನೇ ಬೀಸಿದ್ದು.

ಅಮಾವಾಸ್ಯೆಗೊಮ್ಮೆ ಅವನ ಮನೆಯಲ್ಲಿ ಗಾಡಿ ಪೂಜೆ. ಬೆಳಿಗ್ಗೆ ಶಿವಲೀಲಾ ಎರಡು ನಿಂಬೆಹಣ್ಣು ಸೀಳಿ, ಕುಂಕುಮ ತುಂಬಿ, ಹಿಂದು ಮುಂದಿನ ಚಕ್ರದ ಕೆಳಗೆ ಇಟ್ಟಿದ್ದಳು. “ಹತ್ತಿಸಿದ ಮ್ಯಾಲೆ ಎರಡೂ ಎತ್ತಿ ಯಾರೂ ತುಳೀದ ಕಡೆ ಹಾಕ್ರಿ,” ಎಂದು ಹೇಳಿಯೂ ಇದ್ದಳು. ಮುಂದಿನ ಹಣ್ಣು ಪಚಕ್ಕನೆ ಅಪ್ಪಚ್ಚಿಯಾಯಿತು. ಹಿಂದಿನದು ಕಾಣಲಿಲ್ಲ. ಮೇಕೆಯೋ ಏನೋ ತಿಂದಿರಬೇಕು ಎಂದುಕೊಂಡು ಅವನು ಹೊರಟುಬಿಟ್ಟಿದ್ದ. ಅದು ಟೈರಿಗೆ ಅಂಟಿ ಮೇಲೇರಿ ಮಡ್‌ಗಾರ್ಡಿನ ಸಂದಿಗೆ ಸಿಕ್ಕಿಕೊಂಡಿತ್ತು, ಹಣ್ಣಿನ ಮೇಲಿನ ಗೆರೆ ಟೈರಿನವು. ಆ ಗಾಡಿಯ ಸಂದುಗೊಂದಿನಲ್ಲೆಲ್ಲ ವರ್ಷಗಳ ರಾಗಿಹಿಟ್ಟು ಮನೆ ಮಾಡಿಕೊಂಡಿತ್ತು. ಕಲ್ಲಮ್ಮನ ಗೇಟಿನ ಮುಂದಿನ ಹಂಪ್ಸ್ ಮೇಲೆ ಗಾಡಿ ಧಡಕ್ಕೆಂದು ಹಾರಿದ್ದು ಈಗ ನೆನಪಾಯಿತು.

ಅವನ ಕಿವಿ ಕಾದ ಕಾವಲಿಯಂತೆ ಬಿಸಿಯಾದವು. ಮುಖದ ಮೇಲೆ ಹಿಟ್ಟು ಇದ್ದುದರಿಂದ ಬಣ್ಣ ಬದಲಾದದ್ದು ಯಾರಿಗೂ ಕಾಣಲಿಲ್ಲ.

“ಯಾವುದಾದ್ರೂ ಗಾಡಿಯಿಂದ ಬಿದ್ದಿರಬೌದಲ್ವೇನ್ರಿ, ಗುರುಸ್ವಾಮಣ್ಣ?” ನಾಗರತ್ನ ಅವನನ್ನೇ ನೆಟ್ಟಗೆ ನೋಡುತ್ತಿದ್ದಳು. “ಇವತ್ತು ಅಮಾಸೆ. ಗಾಡಿ ಪೂಜೆ ಮಾಡೋರು ಅದಾರಲ್ಲ.”

ಹೇಳಬೇಕಾದ ಹೊತ್ತು ಅದೇ. ತರಬೇತಿಯ ಮೂರನೆಯ ಮಾತು, ಅವನು ಸರಿಯಾಗಿ ಕೇಳಿಸಿಕೊಳ್ಳದಿದ್ದ ಮಾತು, ಈಗ ಮೈಕಿನಲ್ಲಿ ಹೇಳಿದಂತೆ ಕೇಳಿಸಿತು. ಅವನು ಬಾಯಿ ತೆರೆದ. ಸುತ್ತ ನಿಂತ ಜನ ಕಂಡರು, ಜಂಪಣ್ಣನ ಮೊಬೈಲು ಕಂಡಿತು, ಎದೆಯ ಮೇಲಿನ ಕಾರ್ಡು ಕಂಡಿತು. ಮೊದಲನೆಯ ಕೇಸು, ಕಳ್ಳ ತಾನೇ.

“ಊಹೆಯ ಮೇಲೆ ತೀರ್ಮಾನ ಮಾಡಾಕೆ ಬರಲ್ಲ, ನಾಗರತ್ನಕ್ಕ,” ಎಂದ.

ನಾಗರತ್ನ ಮುಖ ತಿರುಗಿಸಿದಳು. ಗುರುಸ್ವಾಮಿಗೆ ನೆಲವನ್ನು ನೋಡುವುದು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ. ಅವಳ ಮೇಲಿನ ಅಪವಾದ ಹೋಗಬೇಕು, ತನ್ನ ಮೇಲೂ ಬರಬಾರದು. ಅಂಥದೊಂದು ದಾರಿಯನ್ನು ಅವನು ಹುಡುಕತೊಡಗಿದ. ಮೇಲೆ ಕರೆಂಟು ಕಂಬದಲ್ಲಿ ಒಂದು ಕಾಗೆ ಕೂತಿತ್ತು.

“ಕಾಗೆ ಎಲ್ಲಿಂದಲೋ ಕಚ್ಕೊಂಡು ಬಂದು ಇಲ್ಲಿ ಬೀಳಿಸಿರಬೇಕು.”

“ಕಾಗೆ ನಿಂಬೆಹಣ್ಣು ತಿಂತೈತಾ?” ಎಂದಳು ಕಲ್ಲಮ್ಮ. “ಅದೂ ಕುಂಕುಮ ಹಚ್ಕೊಂಡು?”

“ಹಂಗಾದ್ರೆ ನಾಯಿ.”

ಹೇಳಿದ ಮೇಲೆ ಅವನಿಗೆ ಹೊಳೆಯಿತು, ಆ ಬೀದಿಯಲ್ಲಿ ಇದ್ದುದು ಒಂದೇ ನಾಯಿ. ಜಂಪಣ್ಣ ವಿಡಿಯೋ ನಿಲ್ಲಿಸಿದ.

“ಏನಂದೆ? ನಮ್ಮ ರಾಜ ಹಾಲು ಅನ್ನ ಬಿಟ್ಟು ಬ್ಯಾರೆ ಮುಟ್ಟಲ್ಲ. ಕಂಡಕ್ಟರ್ ಆಗಿ ಅಷ್ಟು ವರ್ಷ ದುಡಿದೀನಿ, ಒಬ್ಬರ ಚಿಲ್ಲರೆ ಇಟ್ಕೊಂಡಿಲ್ಲ. ನನ್ನ ನಾಯಿ ಮ್ಯಾಲೆ ಅಪವಾದ ಹಾಕ್ತೀಯಾ?”

“ಚಿಲ್ಲರೆ ಇಟ್ಕೊಂಡಿಲ್ವಾ?” ಕಲ್ಲಮ್ಮ ಈಗ ಇತ್ತ ತಿರುಗಿದಳು. “ಶಿವಮೊಗ್ಗಕ್ಕೆ ಹೋಗುವಾಗ ನನ್ನ ಟಿಕೆಟ್ ಹಿಂದೆ ಬರೆದುಕೊಟ್ಟಿದ್ರಲ್ಲ, ಇಳಿಯುವಾಗ ಇಸ್ಕೋ ಅಂತ. ಆ ಟಿಕೆಟ್ ಇನ್ನೂ ದೇವರ ಗೂಡಲ್ಲಿ ಐತೆ.”

ಒಂದು ಜಗಳ ಇದ್ದ ಕಡೆ ಎರಡಾದವು. ಜಂಪಣ್ಣ ಕಲ್ಲಮ್ಮನ ಜೊತೆ ಹಳೆಯ ಚಿಲ್ಲರೆಯ ಬಗ್ಗೆ ಕೂಗಾಡುತ್ತಿದ್ದರೆ, ನಾಯಿ ಗುರುಸ್ವಾಮಿಯ ಪಂಚೆಯನ್ನು ನೋಡುತ್ತಿತ್ತು. ಕಲ್ಲಮ್ಮ ಬಿದಿರಿನ ಮಂಕರಿಯೊಂದನ್ನು ತಂದು ನಿಂಬೆಹಣ್ಣಿನ ಮೇಲೆ ಬೋರಲು ಹಾಕಿದಳು. ಯಾರು ಇಟ್ಟರೆಂದು ಗೊತ್ತಾಗುವವರೆಗೆ ಅದನ್ನು ಎತ್ತಬಾರದು ಎಂದಳು.

ಆಗ ಕಿಟಕಿಯ ಸರಳಿನ ಹಿಂದಿನಿಂದ ಹೇಮಾವತಿ ಗುರುಸ್ವಾಮಿಯನ್ನು ಮೆಲ್ಲಗೆ ಕರೆದಳು. ಅಮ್ಮ ಅವಳನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ.

“ಮಾಮ, ನಾಗೂ ಚಿಕ್ಕಮ್ಮ ಕುಬಸಕ್ಕೆ ಬರಲ್ವಾ?”

“ಬರ್ತಾರೆ ಬಿಡವ್ವ. ಅದಕ್ಕೇ ನಾನು ಬಂದಿರೋದು.”

“ಅವ್ರು ಬಂದು ಹಸಿರು ಬಳೆ ತೊಡಿಸದಿದ್ರೆ ನನಗೆ ಕುಬಸಾನೇ ಬ್ಯಾಡ. ಅಮ್ಮಂಗೆ ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ.”

ಅವಳ ಕಣ್ಣು ಊದಿಕೊಂಡಿದ್ದವು. ಬೆಳಗಿನಿಂದ ತಿಂಡಿ ಮುಟ್ಟಿಲ್ಲ ಎಂದು ಯಾರೋ ಹೇಳಿದರು. ಗುರುಸ್ವಾಮಿ ಎದೆಯ ಮೇಲಿನ ಕಾರ್ಡನ್ನು ಅಂಗಿಯ ಒಳಗೆ ಸೇರಿಸಿಕೊಂಡ.

ಅಷ್ಟರಲ್ಲಿ ನಿಂಬೆ ಸೋಡಾದ ತಿಮ್ಮೇಶ್ ಗಾಡಿ ತಳ್ಳಿಕೊಂಡು ಬೀದಿಗೆ ಬಂದ. ಗಾಡಿಯ ತುಂಬ ನಿಂಬೆಹಣ್ಣು. ಅಮಾವಾಸ್ಯೆಯೆಂದು ಗಾಡಿಯ ಹಲಗೆಗೆ ಕುಂಕುಮವನ್ನೂ ಹಚ್ಚಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ತಾನು ಹಿಡಿದುಕೊಂಡದ್ದು ಇನ್ನೊಬ್ಬನ ಜುಟ್ಟು ಎಂದು ಗುರುಸ್ವಾಮಿಗೆ ಆಗ ಹೊಳೆಯಲಿಲ್ಲ.

“ನೋಡ್ರಿ, ಹಣ್ಣೂ ಐತೆ, ಕುಂಕುಮನೂ ಐತೆ. ತಿಮ್ಮೇಶನ ಗಾಡಿಯಿಂದ ಉರುಳಿ ಬಿದ್ದಿರಬೌದು. ಬೇಕಂತ ಅಲ್ಲ.”

‘ಬೇಕಂತ ಅಲ್ಲ’ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಸುಡುಗಾಡಿನ ಬೂದಿ ಮೆತ್ತಿದ ಹಣ್ಣು ತಿಮ್ಮೇಶನದಂತೆ ಎಂಬುದಷ್ಟೇ ಬೀದಿಯ ಕೊನೆಗೆ ಮುಟ್ಟಿತು. ಸೋಡಾ ಕುಡಿಯುತ್ತಿದ್ದ ಇಬ್ಬರು ಗ್ಲಾಸು ಕೆಳಗಿಟ್ಟರು. ಒಬ್ಬ ಉಗುಳಿದ.

“ಅಣ್ಣಾ, ನಿಮಗೆ ನಾನೇನು ಮಾಡಿದ್ದೆ?” ಎಂದ ತಿಮ್ಮೇಶ್. ದನಿ ಏರಿಸಲಿಲ್ಲ, ಅದೇ ಗುರುಸ್ವಾಮಿಗೆ ಕಷ್ಟವಾಯಿತು. “ಹಣ್ಣು ತರಾಕೆ ಹೊನ್ನಾಳಿಗೆ ಹೋಗಿದ್ದೆ. ನಸುಕಲ್ಲಿ ನಾನು ಈ ಊರಲ್ಲೇ ಇರಲಿಲ್ಲ. ಟಿಕೆಟ್ ಐತೆ, ನೋಡ್ರಿ.”

ಜಂಪಣ್ಣ ಟಿಕೆಟನ್ನು ಇಸಿದುಕೊಂಡು ಬೆಳಕಿಗೆ ಹಿಡಿದ, ಹಿಂದೆ ಮುಂದೆ ತಿರುಗಿಸಿ ನೋಡಿದ. “ಟಿಕೆಟ್ ಸರಿ ಐತೆ,” ಎಂದ. ಆ ಇಡೀ ಬೆಳಿಗ್ಗೆ ಎಲ್ಲರೂ ಒಪ್ಪಿದ ತೀರ್ಪು ಅದೊಂದೇ.

ಆದರೂ ಸೋಡಾಕ್ಕೆ ಯಾರೂ ಬರಲಿಲ್ಲ. ತಿಮ್ಮೇಶ್ ಗಾಡಿಯನ್ನು ತಳ್ಳಿಕೊಂಡು ಹೋಗಿ ಗಿರಣಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದ. ತನ್ನ ಹೆಸರು ತೊಳೆಯುವವರೆಗೆ ಅಲ್ಲಾಡುವುದಿಲ್ಲ ಎಂದ. ತ್ರೀ ಫೇಸ್ ಕರೆಂಟು ಬಂತು, ಹೋಯಿತು. ಡಬ್ಬಿಗಳು ಸಾಲಿನಲ್ಲೇ ಕೂತಿದ್ದವು.

ಮಧ್ಯಾಹ್ನ ಗುರುಸ್ವಾಮಿ ಊಟಕ್ಕೆ ಮನೆಗೆ ಹೋದ. ಶಿವಲೀಲಾ ಮುದ್ದೆ ಬಡಿಸಿ ಎದುರು ಕೂತಳು.

“ಬೆಳಿಗ್ಗೆ ಎರಡು ಹಣ್ಣು ಇಟ್ಟಿದ್ದೆ. ಒಂದರ ಸಿಪ್ಪೆ ನಾನೇ ತಿಪ್ಪೆಗೆ ಹಾಕ್ದೆ. ಇನ್ನೊಂದೆಲ್ಲಿ?”

ಅವನು ಮುದ್ದೆ ಮುರಿಯುತ್ತಲೇ ಇದ್ದ.

“ಕಲ್ಲಮ್ಮನ ಮನೆ ಮುಂದಿನ ಹಣ್ಣಿಗೆ ಬೂದಿ ಮೆತ್ತೈತೆ ಅಂತ ಊರೆಲ್ಲ ಹೇಳ್ತೈತೆ. ಬೂದಿನಾ ಅದು?”

“ರಾಗಿಹಿಟ್ಟು,” ಎಂದ ಗುರುಸ್ವಾಮಿ, ಸಾರಿಗೆ ಹೇಳುವಂತೆ.

ಶಿವಲೀಲಾ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಆ ನಾಗರತ್ನಕ್ಕನ ಮುಖಕ್ಕೆ ಮಡಿಲು ತುಂಬಿಲ್ಲ ಅಂದ್ರಂತೆ,” ಎಂದಳು. “ನೀವು ಅಲ್ಲೇ ಇದ್ರಂತೆ. ಉಂಡು ಎದ್ದು, ಆ ಕಾರ್ಡು ಬಿಚ್ಚಿಟ್ಟು, ಹೋಗಿ ಹೇಳಿ ಬರ್ರಿ.”

ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಗುರುಸ್ವಾಮಿ ಗೋಡೆಗೊರಗಿ ಕೂತ. ಎದ್ದು ಹೊರಟಾಗ ಬಿಸಿಲು ಇಳಿದಿತ್ತು. ಗಿರಣಿಯಿಂದ ತನ್ನ ಬೈಕನ್ನು ತಳ್ಳಿಕೊಂಡೇ ಕಲ್ಲಮ್ಮನ ಮನೆಯ ಮುಂದೆ ಬಂದ. ವಿಷಯ ಏನೋ ಇದೆ ಎಂದು ತಿಮ್ಮೇಶನೂ ಸೋಡಾ ಗಾಡಿ ಸಮೇತ ಹಿಂದೆ ಬಂದ. ಬೀದಿ ಮತ್ತೆ ತುಂಬಿತು. ಈ ಸಲ ಗುರುಸ್ವಾಮಿಯ ಕೊರಳಲ್ಲಿ ಕಾರ್ಡು ಇರಲಿಲ್ಲ, ಮುಖ ತೊಳೆದಿದ್ದರಿಂದ ಹಿಟ್ಟೂ ಇರಲಿಲ್ಲ. ಅವನ ಮುಖ ಹೀಗಿರುತ್ತದೆ ಎಂದು ಕೆಲವರಿಗೆ ಅಂದೇ ಗೊತ್ತಾದದ್ದು.

“ಕಲ್ಲಮ್ಮಕ್ಕ, ನಾಗರತ್ನಕ್ಕಂದು ಏನೂ ತಪ್ಪಿಲ್ಲ. ಆ ನಿಂಬೆಹಣ್ಣು ನಂದು. ನನ್ನ ಗಾಡಿಯಿಂದ ಬಿದ್ದದ್ದು. ಬೆಳಿಗ್ಗೇನೇ ಗೊತ್ತಾಗಿತ್ತು. ನಾಚಿಕೆ ಆಗಿ ಹೇಳಲಿಲ್ಲ.”

ಕಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಬೆಳಿಗ್ಗೆ ಕಾಗೆ ಅಂದ್ರಿ. ಆಮ್ಯಾಲೆ ನಾಯಿ ಅಂದ್ರಿ. ಆಮ್ಯಾಲೆ ಸೋಡಾ ಗಾಡಿ. ಈಗ ನಿಮ್ಮ ಗಾಡಿನಾ?”

“ಇದು ಖರೇನೇ ಐತೆ. ನೋಡ್ರಿ, ಮಡ್‌ಗಾರ್ಡಿಗೆ ಕುಂಕುಮ ಹತ್ತೈತೆ.”

ಎಲ್ಲರೂ ಬಗ್ಗಿ ನೋಡಿದರು. ತಿಮ್ಮೇಶನ ಮುಖ ಮೆತ್ತಗಾಯಿತು. “ಅಣ್ಣ ಗಾಡಿಗೆ ಕುಂಕುಮ ಬ್ಯಾರೆ ಬಳ್ಕೊಂಡು ಬಂದಾನೆ,” ಎಂದ. “ನಮ್ಮ ಹೆಸರು ಉಳೀಲಿ ಅಂತ ತಾನೇ ಹೊತ್ಕೊಂತಾನೆ.”

“ತರಬೇತೀಲಿ ಇದನ್ನೇ ಹೇಳ್ಕೊಡ್ತಾರೆ,” ಎಂದ ಜಂಪಣ್ಣ, ತಾನೂ ಹೋಗಿ ಬಂದವನಂತೆ. ಮೊಬೈಲು ಮತ್ತೆ ಮೇಲೆದ್ದಿತ್ತು.

“ಅಯ್ಯೋ, ಅಲ್ರಪ್ಪ. ಆ ಪುಡಿ ಬೂದಿ ಅಲ್ಲ, ರಾಗಿಹಿಟ್ಟು. ನನ್ನ ಗಿರಣೀದೇ.”

“ಬೂದಿನೂ ಹಂಗೇ ಇರ್ತೈತೆ, ರಾಗಿಹಿಟ್ಟೂ ಹಂಗೇ ಇರ್ತೈತೆ,” ಎಂದಳು ಕಲ್ಲಮ್ಮ. “ನನ್ನ ಮಗಳ ಜೀವದ ಪ್ರಶ್ನೆ. ಬಾಯಿ ಮಾತಿಗೆ ಹೆಂಗೆ ನಂಬಲಿ?”

ಗುರುಸ್ವಾಮಿಗೆ ಬೇರೆ ಏನೂ ತೋಚಲಿಲ್ಲ. ಮಂಕರಿ ಎತ್ತಿದ. ಹಗಲೆಲ್ಲ ಸೆಕೆಯಲ್ಲಿ ಬಾಡಿದ್ದ ಹಣ್ಣನ್ನು ಕೈಗೆ ತೆಗೆದುಕೊಂಡು, ಮೇಲಿನ ಪುಡಿಯನ್ನು ಒಮ್ಮೆ ನೆಕ್ಕಿದ. ನೆಕ್ಕಿದ್ದು ಸಾಲದೆಂದು ಎಲ್ಲರ ಎದುರಿಗೆ ಹಣ್ಣನ್ನು ಕುಂಕುಮ ಸಮೇತ ಕಚ್ಚಿ, ಅಗಿದು, ನುಂಗಿದ. ಹುಳಿಗೆ ಅವನ ಕಣ್ಣಲ್ಲಿ ನೀರು ಬಂತು.

“ರಾಗಿ,” ಎಂದ. “ನೋಡ್ರಿ. ಏನೂ ಆಗಲಿಲ್ಲ.”

ಅವನ ತುಟಿಯ ಎರಡೂ ಕೊನೆಯಲ್ಲಿ ಕುಂಕುಮ ಇಳಿದಿತ್ತು. ಸೂರ್ಯ ಮುಳುಗುತ್ತಿದ್ದ. ಹಿಂದಿದ್ದ ಮುದುಕಿಯೊಬ್ಬಳು ಕೈ ಮುಗಿದಳು. ಅವಳ ಪಕ್ಕದವಳೂ ಮುಗಿದಳು. ಜಂಪಣ್ಣ ಒಂದು ಕೈಯಲ್ಲಿ ಮೊಬೈಲು ಹಿಡಿದಿದ್ದರಿಂದ ಇನ್ನೊಂದನ್ನು ಎದೆಗಿಟ್ಟುಕೊಂಡ.

“ಮಾಟಾನೇ ನುಂಗಿಬಿಟ್ಟ,” ಎಂದಳು ಕಲ್ಲಮ್ಮ ಪಿಸುದನಿಯಲ್ಲಿ.

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಹಣ್ಣು ಹೋಯಿತು, ಹಣ್ಣಿನ ಜೊತೆ ಜಗಳವೂ ಹೋಯಿತು. ಕಲ್ಲಮ್ಮ ನಾಗರತ್ನಳ ಬಳಿಗೆ ಹೋಗಿ, ಸೆರಗಿನ ತುದಿಯನ್ನು ಹಿಂಡುತ್ತ, “ನಾಗೂ, ಬೆಳಿಗ್ಗೆ ನನ್ನ ಬಾಯಿಂದ ಬಂದಿದ್ದು…” ಎಂದು ನಿಲ್ಲಿಸಿದಳು. ನಾಗರತ್ನ ಅವಳನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದ ಮೇಲೆ, “ಕುಬಸಕ್ಕೆ ಬರ್ತೀನಿ. ಆ ಹುಡುಗಿಗಾಗಿ,” ಎಂದಳು. ಹೇಮಾವತಿ ಹೊಸಿಲು ದಾಟಿ ಬಂದು ಚಿಕ್ಕಮ್ಮನ ತೋಳು ಹಿಡಿದುಕೊಂಡಳು. ತಿಮ್ಮೇಶ್ ಎಲ್ಲರಿಗೂ ಸೋಡಾ ಕೊಟ್ಟ. ಎಲ್ಲರೂ ಕುಡಿದರು. ಗುರುಸ್ವಾಮಿ ಮಾತ್ರ ನಿಂಬೆ ಬೇಡವೆಂದ.

ಅವನು ಗಾಡಿ ತಿರುಗಿಸುತ್ತಿದ್ದಾಗ ನಾಗರತ್ನ ಹತ್ತಿರ ಬಂದಳು.

“ಹಂಪ್ಸ್ ಮ್ಯಾಲೆ ನಿಮ್ಮ ಗಾಡಿ ಹಾರಿದಾಗ ಹಣ್ಣು ಬಿದ್ದಿದ್ದು ನಾನು ಕಂಡಿದ್ದೆ,” ಎಂದಳು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ.

ಗುರುಸ್ವಾಮಿಯ ಕೈ ಹ್ಯಾಂಡಲಿನ ಮೇಲೆ ನಿಂತಿತು. “ಮತ್ತೆ ಆಗಲೇ ಹೇಳಬೇಕಿತ್ತಲ್ಲ, ಅಕ್ಕ.”

“ನಾನು ಹೇಳಿದ್ರೆ ತಪ್ಪಿಸ್ಕೊಳ್ಳಾಕೆ ಹೇಳ್ತಾಳೆ ಅಂತಿದ್ರು. ನೀವೇ ಹೇಳ್ತೀರಿ ಅಂತ ಕಾದೆ. ದಾರಿನೂ ಮಾಡಿಕೊಟ್ಟೆ.”

“ಈಗ ಹೇಳಿದೆನಲ್ಲ.”

“ಈಗ ಯಾರು ನಂಬಿದ್ರು?” ಎಂದಳು ನಾಗರತ್ನ. “ಅವ್ರ ಲೆಕ್ಕದಲ್ಲಿ ಮಾಟ ಮಾಡಿದ್ದು ಈಗ್ಲೂ ನಾನೇ. ನೀವು ನುಂಗಿ ಪುಣ್ಯಾತ್ಮರಾದ್ರಿ.”

ಅವಳು ಹೇಮಾವತಿಯ ಕಡೆ ಹೋದಳು. ಗುರುಸ್ವಾಮಿಗೆ ಬಾಯಿ ಒರೆಸಿಕೊಳ್ಳಲೂ ಕೈ ಏಳಲಿಲ್ಲ.

ಜಂಪಣ್ಣನ ವಿಡಿಯೋ ಅಂದೇ ಚನ್ನಗಿರಿ, ಹೊನ್ನಾಳಿಗೆ ಮುಟ್ಟಿತು. ಜಗಳೂರಿನಲ್ಲಿದ್ದ ಶಿವಲೀಲಾಳ ತಂಗಿ ಫೋನು ಮಾಡಿ, “ಭಾವ ಯಾವಾಗಿಂದ ಇದನ್ನ ಶುರು ಮಾಡಿದ್ರು?” ಎಂದು ಕೇಳಿದಳು. ಶಿವಲೀಲಾ ಫೋನನ್ನು ಗಂಡನ ಕೈಗೆ ಕೊಟ್ಟಳು. ಗುರುಸ್ವಾಮಿ ಅದನ್ನು ಆಫ್ ಮಾಡಿ ಮಲಗಿದ.

ಮಾರನೆಯ ಬೆಳಿಗ್ಗೆ ಆರೂವರೆಗೆ ತ್ರೀ ಫೇಸ್ ಕರೆಂಟು ಬಂತು. ಗಿರಣಿಯ ಮುಂದೆ ಆಗಲೇ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದಿದ್ದವನು ಉಬ್ರಾಣಿಯಿಂದ ಬಂದಿದ್ದ. ತೋಟದ ಬದುವಿನಲ್ಲಿ ಯಾರೋ ಮಾಟ ಮಾಡಿ ಇಟ್ಟಿದ್ದವಂತೆ, ಟವೆಲಿನಲ್ಲಿ ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡಿದ್ದ. ಚನ್ನಗಿರಿ ಬಸ್ಸಿಗೆ ಹೊತ್ತಾಗುತ್ತದೆ, ಮೊದಲು ತನ್ನದು ತಿಂದುಬಿಡಿ ಎಂದ. ಹಿಂದಿನವರು ಒಪ್ಪಲಿಲ್ಲ. ಯಾರದು ಮೊದಲು ಎಂದು ಜಗಳ ಶುರುವಾಯಿತು.

ಸಾಲಿನಲ್ಲಿ ಯಾರೂ ರಾಗಿ ತಂದಿರಲಿಲ್ಲ.